ಆತ್ಮಹತ್ಯೆಯ ಯೋಚನೆ ಇರುವ ವಿದ್ಯಾರ್ಥಿಯನ್ನು ಆಪ್ತಸಮಾಲೋಚಕರ ಬಳಿ ಕಳುಹಿಸಿದರೆ ಅಲ್ಲಿ ನಿಜವಾಗಿ ಏನು ನಡೆಯುತ್ತದೆ?

ಪ್ರಶ್ನೆ: ಗಣಿತ ಉಪನ್ಯಾಸಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಗಣಿತ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಪ್ರತಿಯೊಬ್ಬ ಉಪನ್ಯಾಸಕರಿಗೂ ಇಪ್ಪತ್ತು ವಿದ್ಯಾರ್ಥಿಗಳನ್ನು ವಹಿಸಿ, ನಮ್ಮನ್ನು ಅವರ ಮೆಂಟರ್ ಎಂದು ಕರೆಯುತ್ತಾರೆ. ಈ ಕೆಲಸವೆಂದರೆ ತಿಂಗಳಿಗೊಮ್ಮೆ ಅವರನ್ನು ಕರೆದು, ಹಾಜರಾತಿ ಎಷ್ಟಿದೆ, ಇಂಟರ್ನಲ್ಸ್‌ನಲ್ಲಿ ಎಷ್ಟು ಬಂದಿದೆ ಎಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು, ಅಷ್ಟೇ.

ಕಳೆದ ಸೋಮವಾರ ಹಾಗೆ ಸಹಿ ಹಾಕಲು ಬಂದಿದ್ದ ಮೂರನೇ ಸೆಮಿಸ್ಟರಿನ ಹುಡುಗನೊಬ್ಬ ಪೆನ್ನಿನ ಮುಚ್ಚಳ ಹಾಕುತ್ತ, ನನ್ನ ಮುಖ ನೋಡದೆ, "ನಾ ಇರ್ಲಿಲ್ಲಂದ್ರ ಅಪ್ಪಗ ಸಾಲದ ಭಾರರ ಕಮ್ಮಿ ಆಗ್ತಿತ್ತರಿ ಮೇಡಂ" ಎಂದ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅವನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ತಾಲ್ಲೂಕಿಗೇ ಮೊದಲಿಗನಾಗಿದ್ದವನು ಇಲ್ಲಿ ಎರಡು ವಿಷಯ ಬಾಕಿ ಉಳಿಸಿಕೊಂಡಿದ್ದಾನೆ. ನನ್ನ ಬಾಯಿಂದ ಬಂದದ್ದು, "ಹಾಗೆಲ್ಲ ಮಾತಾಡಬಾರದು, ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ ನೋಡು" ಎಂಬ ಮಾತು. ಅವನು "ಹೌದ್ರಿ" ಎಂದು ತಲೆಯಾಡಿಸಿ ಎದ್ದು ಹೋದ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ಅವನ ಭಾರವನ್ನು ಇನ್ನೊಂದಿಷ್ಟು ಹೆಚ್ಚಿಸುವ ಮಾತೇ ಆಗಿತ್ತಲ್ಲ ಎನ್ನುವುದು ಹಾಸಿಗೆಯಲ್ಲಿ ಹೊರಳಾಡುವಾಗ ಹೊಳೆಯಿತು.

ಮಂಗಳವಾರ ಅವನನ್ನು ಕರೆದು ಆಪ್ತಸಮಾಲೋಚಕರನ್ನು ಕಾಣುವಂತೆ ಹೇಳಿದೆ. ಅವರು ನಮ್ಮ ಕಾಲೇಜಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಕೊಠಡಿ ಇರುವುದು ಪ್ರಾಂಶುಪಾಲರ ಕೊಠಡಿಯ ಪಕ್ಕದಲ್ಲಿ. "ಹೋಗ್ತೀನ್ರಿ" ಎಂದವನು ಹೋಗಲಿಲ್ಲ. ವಿಭಾಗದ ಹಿರಿಯರೊಬ್ಬರ ಸಲಹೆ ಕೇಳಿದರೆ, ತಂದೆಯನ್ನು ಕರೆಸಿ, "ಇಂಥ ಕೆಲಸ ಮಾಡಿಕೊಳ್ಳುವುದಿಲ್ಲ" ಎಂದು ಹುಡುಗನಿಂದ ಮುಚ್ಚಳಿಕೆ ಬರೆಸಿಕೊಳ್ಳಿ, ನಾಳೆ ಏನಾದರೂ ಆದರೆ ನಿಮ್ಮ ತಲೆಗೆ ಬರಬಾರದು ಎಂದರು.

ನನ್ನ ತಲೆಗೆ ಬರುವ ಚಿಂತೆಗಿಂತ ಆ ಹುಡುಗನ ಚಿಂತೆ ನನಗೆ ದೊಡ್ಡದು. ಸಾಯುವ ಯೋಚನೆ ಇದೆಯೇ ಎಂದು ಅವನನ್ನು ನೇರವಾಗಿ ಕೇಳಬಹುದೇ, ಅಥವಾ ಕೇಳಿದರೆ ಇಲ್ಲದ ಹುಳವನ್ನು ತಲೆಗೆ ಬಿಟ್ಟಂತಾಗುತ್ತದೆಯೇ? ಆಪ್ತಸಮಾಲೋಚಕರ ಕೊಠಡಿಯಲ್ಲಿ ಇಂಥ ಯೋಚನೆಗೆ ಚಿಕಿತ್ಸೆ ಎನ್ನುವಂಥದ್ದು ಏನಾದರೂ ನಡೆಯುತ್ತದೆಯೇ, ಅಥವಾ ನಾನು ಹೇಳಿದ ಬುದ್ಧಿಮಾತನ್ನೇ ಅಲ್ಲಿ ಇನ್ನೊಬ್ಬರು ಮೆತ್ತಗಿನ ದನಿಯಲ್ಲಿ ಹೇಳುತ್ತಾರೆಯೇ? ಮನೆಯವರಿಗೆ ತಿಳಿಸಬೇಕೇ? ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1: ಆಪ್ತಸಮಾಲೋಚಕಿ, ಧಾರವಾಡ

ಮೇಡಂ, ಉಳಿದದ್ದೆಲ್ಲ ಆಮೇಲೆ. ಇದನ್ನು ಓದಿದ ಕೂಡಲೇ ಆ ಹುಡುಗನಿಗೆ ಫೋನ್ ಮಾಡಿ, ಇವತ್ತೇ ಭೇಟಿಯಾಗಿ. ಶುಕ್ರವಾರದವರೆಗೆ ಕಾಯಬೇಡಿ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ನಡುವೆ ಬೇಡ, ಮರದ ಕೆಳಗಿನ ಕಟ್ಟೆಯಾದರೂ ಸಾಕು, ಯಾರೂ ಮಧ್ಯೆ ಬರದ ಜಾಗ ಇರಲಿ. "ಮೊನ್ನೆ ನೀನು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಎಂದು ಇದೇ ಪದಗಳಲ್ಲಿ ಕೇಳಿ. "ಅಂಥ ಕೆಟ್ಟ ಯೋಚನೆ ಏನೂ ಇಲ್ಲ ತಾನೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವನ್ನು ನಾವೇ ಅವನ ಬಾಯಿಗೆ ಇಟ್ಟಂತಾಗುತ್ತದೆ. ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ನಿಮಗೆ ಬಹಳ ದೀರ್ಘ ಅನ್ನಿಸುತ್ತದೆ, ಆದರೂ ಅದನ್ನು ನೀವು ತುಂಬಲು ಹೋಗಬೇಡಿ.

ಕೇಳಿದರೆ ಯೋಚನೆ ಹುಟ್ಟುತ್ತದೆ ಎನ್ನುವ ಭಯ ನನಗೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇತ್ತು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಆತ್ಮಹತ್ಯೆಯ ಕುರಿತ ಪ್ರಶ್ನೆಗಳನ್ನು ಕೇಳಿ, ಉಳಿದವರಿಗೆ ಕೇಳದೆ, ಎರಡು ದಿನಗಳ ನಂತರ ಎರಡೂ ಗುಂಪುಗಳನ್ನು ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗೂ ಪ್ರಶ್ನೆಯಿಂದ ಕೆಡುಕಾಗಿರಲಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ಮಕ್ಕಳು ಆ ಪ್ರಶ್ನೆ ಕೇಳಿದೊಡನೆ ಉಸಿರು ಬಿಡುತ್ತಾರೆ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ.

ಅವನು ಹೌದೆಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಎಂಬುದನ್ನೂ ಕೇಳಿ. "ಇದ್ದರೆಷ್ಟು ಬಿಟ್ಟರೆಷ್ಟು ಅನ್ನಿಸುತ್ತದೆ" ಎನ್ನುವುದು ಒಂದು ಸ್ಥಿತಿ. ದಾರಿ ಮತ್ತು ದಿನವನ್ನು ಗೊತ್ತುಮಾಡಿಕೊಂಡಿರುವುದು ಬೇರೆಯೇ ಸ್ಥಿತಿ. ಎರಡನೆಯದಾದರೆ ಅವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಅವನೊಬ್ಬನೇ ಕರೆ ಮಾಡಬೇಕೆಂದಿಲ್ಲ, ಅವನಿಗೆ ನೆರವಾಗುವವರಾಗಿ ನೀವೂ ಮಾಡಬಹುದು.

ಇನ್ನು ಕೊಠಡಿಯೊಳಗೆ ಏನು ನಡೆಯುತ್ತದೆ ಎಂಬ ನಿಮ್ಮ ಪ್ರಶ್ನೆ. ತರಬೇತಿ ಪಡೆದವರು ಇದ್ದರೆ ಅಲ್ಲಿ ಬುದ್ಧಿಮಾತು ನಡೆಯುವುದಿಲ್ಲ. ಮೊದಲ ಭೇಟಿಯಲ್ಲಿ ನಾನು ಕೇಳುವುದು ಕತೆಯನ್ನು: ಈ ಯೋಚನೆ ಮೊದಲು ಬಂದದ್ದು ಯಾವಾಗ, ಯಾವ ಹೊತ್ತಿನಲ್ಲಿ ಜೋರಾಗುತ್ತದೆ, ಇಷ್ಟು ದಿನ ಅದನ್ನು ತಡೆದದ್ದು ಏನು. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದಾದ ಮೇಲೆ, ಅದೇ ದಿನ, ಅವರು ಎದ್ದು ಹೋಗುವ ಮುಂಚೆ, ಇಬ್ಬರೂ ಕುಳಿತು ಒಂದು ಸುರಕ್ಷತಾ ಯೋಜನೆ ಬರೆಯುತ್ತೇವೆ. ಇದು ಸ್ಟ್ಯಾನ್ಲಿ ಮತ್ತು ಬ್ರೌನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ ಕ್ರಮ. ಯೋಚನೆ ಏಳುವ ಮುನ್ಸೂಚನೆ ಯಾವುದು, ಆಗ ತಾನೇ ಮಾಡಿಕೊಳ್ಳಬಹುದಾದ್ದು ಏನು, ಯಾವ ಜಾಗಕ್ಕೆ ಅಥವಾ ಯಾರ ಬಳಿಗೆ ಹೋದರೆ ಮನಸ್ಸು ಬೇರೆಡೆಗೆ ಹೊರಳುತ್ತದೆ, ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು, ಯಾವ ಆಸ್ಪತ್ರೆ, ಯಾವ ಸಹಾಯವಾಣಿ, ಕೊನೆಯದಾಗಿ ಅಪಾಯ ತರಬಹುದಾದ ವಸ್ತು ಕೈಗೆಟುಕದಂತೆ ಮಾಡುವುದು ಹೇಗೆ ಎಂದು ಆರು ಹಂತಗಳಲ್ಲಿ ಬರೆಯುವುದು. ಪದಗಳು ವಿದ್ಯಾರ್ಥಿಯವೇ ಆಗಿರಬೇಕು. ಒಬ್ಬ ಹುಡುಗಿ ಮುನ್ಸೂಚನೆಯ ಎದುರು ಬರೆದದ್ದು, "ಮೆಸ್ಸಿಗೆ ಹೋಗದೆ ರೂಮಿನ ಲೈಟ್ ಆರಿಸಿ ಕೂತಾಗ" ಎಂದು. ಎರಡನೆಯದರ ಎದುರು, "ಅಜ್ಜಿಗೆ ಫೋನ್ ಮಾಡಿ ಎಮ್ಮೆ ಈದಿತಾ ಅಂತ ಕೇಳುವುದು" ಎಂದು. ನಾನಾಗಿದ್ದರೆ ಅಲ್ಲಿ ಸಂಗೀತ, ಧ್ಯಾನ ಎಂದೇನೋ ಬರೆಸುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಅವಳಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಎಮ್ಮೆ. ಆ ಚೀಟಿಯನ್ನು ಮಡಚಿ ಮೊಬೈಲಿನ ಕವರಿನ ಹಿಂದೆ ಇಟ್ಟುಕೊಂಡು ಎರಡು ವರ್ಷ ಓಡಾಡಿದಳು.

ನಿಮ್ಮ ಹಿರಿಯರು ಹೇಳಿದ ಮುಚ್ಚಳಿಕೆಗೂ ಇದಕ್ಕೂ ಇರುವ ಅಂತರ ಇಲ್ಲೇ ಕಾಣುತ್ತದೆ. ಮುಚ್ಚಳಿಕೆ ಏನು ಮಾಡಬಾರದು ಎಂದು ಹೇಳಿ ಸಂಸ್ಥೆಯನ್ನು ಕಾಯುತ್ತದೆ. ಸುರಕ್ಷತಾ ಯೋಜನೆ ಆ ಗಳಿಗೆಯಲ್ಲಿ ಏನು ಮಾಡಬೇಕು ಎಂದು ಹೇಳಿ ವಿದ್ಯಾರ್ಥಿಯನ್ನು ಕಾಯುತ್ತದೆ. ಅಂಥ ಮುಚ್ಚಳಿಕೆಯಿಂದ ಸಾವು ತಪ್ಪುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಒಮ್ಮೆ ಬರೆದುಕೊಟ್ಟ ಮಗು ಮುಂದೆ ಯೋಚನೆ ಬಂದಾಗ ನಿಮ್ಮೆದುರು ಬಾಯಿಬಿಡುವುದೂ ಕಡಿಮೆ, ಏಕೆಂದರೆ ಹೇಳಿದರೆ ಮಾತು ಮುರಿದಂತಾಗುತ್ತದೆ. ಸುರಕ್ಷತಾ ಯೋಜನೆಗಾದರೆ ಪುರಾವೆ ಇದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಈ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತ ಬಂದಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡೆಗಳು ಶೇ 45ರಷ್ಟು ಕಡಿಮೆ ಇದ್ದವು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಆ "ಆಮೇಲೆ ಫೋನ್ ಮಾಡಿ ವಿಚಾರಿಸುತ್ತ ಬಂದಾಗ" ಎಂಬ ಮಾತನ್ನು ದಯವಿಟ್ಟು ಗಮನಿಸಿ. ನಮ್ಮ ಕಾಲೇಜುಗಳಲ್ಲಿ ತಪ್ಪಿ ಹೋಗುವುದು ಇದೇ. ಮೊದಲ ಭೇಟಿ ಹೇಗೋ ಆಗುತ್ತದೆ. ಎರಡನೆಯದಕ್ಕೆ ವಿದ್ಯಾರ್ಥಿ ಬರಲಿಲ್ಲವಾದರೆ, ಯಾಕೆ ಬರಲಿಲ್ಲ ಎಂದು ಕೇಳುವವರು ಇರುವುದಿಲ್ಲ. ನಾನು ಒಂದು ಸಣ್ಣ ಡೈರಿ ಇಟ್ಟಿದ್ದೇನೆ. ಅಪಾಯದಲ್ಲಿರುವವರ ಹೆಸರಿನ ಬದಲು ನನಗೆ ಮಾತ್ರ ಗೊತ್ತಾಗುವ ಗುರುತು ಬರೆದು, ಮೂರು ದಿನಕ್ಕೆ, ವಾರಕ್ಕೆ, ಆಮೇಲೆ ಹದಿನೈದು ದಿನಕ್ಕೆ ಫೋನ್ ಮಾಡುತ್ತೇನೆ. ಎರಡು ನಿಮಿಷದ ಕರೆ, "ಊಟ ಆಯ್ತಾ, ನಿದ್ದೆ ಬಂತಾ, ಆ ಯೋಚನೆ ಹೇಗಿದೆ" ಇಷ್ಟೇ. ಚಿಕಿತ್ಸೆಯ ಅರ್ಧ ಭಾಗ ಈ ಕರೆಗಳಲ್ಲೇ ನಡೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಭೇಟಿಗಳಲ್ಲಿ ಮಾಡುವ ಕೆಲಸ ನಿಧಾನದ್ದು. "ಎರಡು ವಿಷಯ ಫೇಲಾಗಿದೆ" ಎಂಬುದರಿಂದ "ನಾನೇ ಒಂದು ಹೊರೆ" ಎಂಬಲ್ಲಿಗೆ ಮನಸ್ಸು ಯಾವ ಮೆಟ್ಟಿಲುಗಳ ಮೂಲಕ ಇಳಿಯಿತು ಎಂದು ವಿದ್ಯಾರ್ಥಿಯೊಡನೆ ಹಿಂದಕ್ಕೆ ನಡೆದು ನೋಡುವುದು, ಒಂದೊಂದು ಮೆಟ್ಟಿಲನ್ನೂ ಪರೀಕ್ಷಿಸುವುದು. ಖಿನ್ನತೆ ಆಳವಾಗಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತೇವೆ, ಆದರೆ ನಮ್ಮ ಕೈ ಬಿಡುವುದಿಲ್ಲ.

ಕೊನೆಗೊಂದು ಮಾತು. "ಹೋಗು" ಎನ್ನಬೇಡಿ, "ಬಾ, ಹೋಗೋಣ" ಎನ್ನಿ. ಆ ಬಾಗಿಲವರೆಗೆ ನೀವೂ ನಡೆಯಿರಿ.

ಉತ್ತರ 2: ಹಳೆಯ ಸಂಶೋಧನಾ ವಿದ್ಯಾರ್ಥಿ

ಮೇಡಂ, ನಾನು ಆ ಹುಡುಗನ ಜಾಗದಲ್ಲಿ ಇದ್ದವನು. ಪಿಎಚ್‌ಡಿಯ ಮೂರನೇ ವರ್ಷ. ಏಳು ತಿಂಗಳಿಂದ ಫೆಲೋಶಿಪ್ ಹಣ ಬಂದಿರಲಿಲ್ಲ, ಅಧ್ಯಾಯವೊಂದನ್ನು ನನ್ನ ಗೈಡ್ ನಾಲ್ಕನೇ ಬಾರಿ ತಿರುಗಿಸಿ ಕೊಟ್ಟಿದ್ದರು, ಮನೆಯಲ್ಲಿ ತಂಗಿಯ ಮದುವೆಯ ಮಾತು ನಡೆಯುತ್ತಿತ್ತು. ಇವುಗಳಲ್ಲಿ ಯಾವುದೂ ಒಂದೇ ಕಾರಣವಲ್ಲ. ಸಾಯಬೇಕು ಎನ್ನುವುದಕ್ಕಿಂತ, ನಾಳೆ ಬೆಳಗಾಗದಿದ್ದರೆ ಸಾಕು ಎಂಬ ಭಾವನೆ ತಿಂಗಳುಗಟ್ಟಲೆ ಇತ್ತು. ಆಮೇಲೆ ಅದು ಬೇರೆ ರೂಪ ತಾಳಿತು.

ನಮ್ಮ ಕ್ಯಾಂಪಸ್ಸಿನ ಆಪ್ತಸಮಾಲೋಚನಾ ಕೇಂದ್ರದ ಬಾಗಿಲಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಹೆಸರು, ನೋಂದಣಿ ಸಂಖ್ಯೆ, ವಿಭಾಗ, ಬಂದ ಸಮಯ, ಅದರ ಮುಂದೆ "ಭೇಟಿಯ ಕಾರಣ" ಎಂಬ ಕಾಲಂ. ನನ್ನ ಹಿಂದಿನವರು ಅಲ್ಲಿ "ಪರ್ಸನಲ್" ಎಂದು ಬರೆದಿದ್ದರು, ಅವರ ಹೆಸರು ನನಗೆ ಪರಿಚಯದ್ದು. ನನ್ನ ಹೆಸರನ್ನೂ ಇನ್ನೊಬ್ಬರು ಹೀಗೆಯೇ ಓದುತ್ತಾರಲ್ಲ ಎನ್ನಿಸಿ, ದಾರಕ್ಕೆ ಕಟ್ಟಿದ್ದ ಆ ಪೆನ್ನನ್ನು ಕೆಳಗಿಟ್ಟು ಹಿಂದಿರುಗಿ ಬಂದೆ. ಎರಡು ವಾರ ಮತ್ತೆ ಆ ಕಡೆ ಹೋಗಲಿಲ್ಲ. ಆ ಎರಡು ವಾರಗಳನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಮರಳಿ ಹೋಗಲು ಕಾರಣ ನನ್ನ ಪಕ್ಕದ ಕೋಣೆಯ ಸೀನಿಯರ್. ಅವರು ನನಗೆ ಏನೂ ಉಪದೇಶ ಮಾಡಲಿಲ್ಲ. "ನಾನೂ ಬರ್ತೀನಿ, ಹೊರಗಡೆ ಕೂತಿರ್ತೀನಿ" ಎಂದರು, ಕೂತೂ ಇದ್ದರು. ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನೇ ಬರೆದರು.

ಮೊದಲು ಸಿಕ್ಕ ಆಪ್ತಸಮಾಲೋಚಕರು ತಂದೆತಾಯಿಯ ತ್ಯಾಗದ ಬಗ್ಗೆ ಮಾತನಾಡಿ, ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡಲು ಹೇಳಿದರು. ಪ್ರಾಣಾಯಾಮದ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಆ ದಿನ ನಾನು ಹೇಳಬೇಕೆಂದು ಹೋಗಿದ್ದ ಒಂದು ವಾಕ್ಯವನ್ನು ಹೇಳಲು ಅವರು ಜಾಗವನ್ನೇ ಕೊಡಲಿಲ್ಲ. ಸೀನಿಯರ್ ಬಿಡದೆ ಬೇರೊಬ್ಬರನ್ನು ಕೇಳಿಕೊಂಡರು. ಎರಡನೆಯವರು ಹತ್ತೇ ನಿಮಿಷದಲ್ಲಿ ಮೇಲಿನ ಉತ್ತರದಲ್ಲಿ ಇರುವ ಪ್ರಶ್ನೆಯನ್ನು ಕೇಳಿದರು. ನಾನು ಅತ್ತೆ. ಆರು ತಿಂಗಳು ವಾರಕ್ಕೊಮ್ಮೆ ಹೋದೆ, ಮನೋವೈದ್ಯರ ಮಾತ್ರೆಯನ್ನೂ ಒಂದು ವರ್ಷ ತೆಗೆದುಕೊಂಡೆ. ಇದನ್ನು ಬರೆಯುವ ಉದ್ದೇಶವಿಷ್ಟೇ: ಒಬ್ಬರಿಂದ ಪ್ರಯೋಜನವಾಗದಿದ್ದರೆ ಆಪ್ತಸಮಾಲೋಚನೆಯೇ ವ್ಯರ್ಥವೆಂದು ಆ ಹುಡುಗ ತೀರ್ಮಾನಿಸದಂತೆ ನೋಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಎರಡನೆಯವರು ನನ್ನ ಒಪ್ಪಿಗೆ ಕೇಳಿ, ಆಡಳಿತ ಕಚೇರಿಗೆ ತಾವೇ ಹೋಗಿ ನನ್ನ ಫೆಲೋಶಿಪ್ ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂದು ವಿಚಾರಿಸಿದರು. ಹಣ ಬರಲು ಆಮೇಲೂ ಒಂದೂವರೆ ತಿಂಗಳು ಹಿಡಿಯಿತು. ಆದರೆ ನನ್ನ ಕಷ್ಟ ಬರೀ ನನ್ನ ತಲೆಯೊಳಗಿನದಲ್ಲ ಎಂದು ಒಬ್ಬರು ಒಪ್ಪಿಕೊಂಡರು ಎಂಬುದೇ ನನಗೆ ಔಷಧದಂತೆ ಕೆಲಸ ಮಾಡಿತು.

ಉತ್ತರ 3: ಹಾಸ್ಟೆಲ್ ವಾರ್ಡನ್, ಕಲಬುರಗಿ ಜಿಲ್ಲೆ

ಮೇಲಿನವರ ಕೊನೆಯ ಮಾತನ್ನೇ ಮುಂದುವರಿಸುತ್ತೇನೆ. ಆಪ್ತಸಮಾಲೋಚನೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಹಾಸ್ಟೆಲಿನ ಮಕ್ಕಳು ಕುಗ್ಗುವುದು ವಿದ್ಯಾರ್ಥಿವೇತನ ತಡವಾದಾಗ, ಶುಲ್ಕ ಕಟ್ಟದೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದಾಗ, ತರಗತಿಯಲ್ಲಿ ಇಂಗ್ಲಿಷ್ ಉಚ್ಚಾರಣೆಗೆ ನಕ್ಕಾಗ, ಜಾತಿ ಹಿಡಿದು "ಕೋಟಾದವನು" ಎಂದಾಗ. ಇವುಗಳಿಗೆಲ್ಲ ಮದ್ದು ಆಪ್ತಸಮಾಲೋಚಕರ ಕೊಠಡಿಯಲ್ಲಿ ಇಲ್ಲ. ಅವಮಾನ ಮಾಡಿದವರನ್ನು ಬಿಟ್ಟು ಅವಮಾನಕ್ಕೆ ಒಳಗಾದವನನ್ನು ಮಾತ್ರ ಚಿಕಿತ್ಸೆಗೆ ಕಳುಹಿಸಿದರೆ, ತಪ್ಪು ತನ್ನದೇ ಎಂದು ಆ ಮಗು ಇನ್ನಷ್ಟು ಖಚಿತವಾಗಿ ನಂಬುತ್ತದೆ.

ಎರಡನೆಯದಾಗಿ, ಯಾರು ಮೊದಲು ಗಮನಿಸುತ್ತಾರೆ ಎಂಬ ಮಾತು. ನಮ್ಮಲ್ಲಿ ಒಬ್ಬ ಹುಡುಗನ ವಿಷಯ ನನಗೆ ತಿಳಿದದ್ದು ಅಡುಗೆಯ ಅಕ್ಕನಿಂದ. "ಸರ್, ಆ ಹುಡುಗ ನಾಕ್ ದಿನದಿಂದ ರೊಟ್ಟಿ ಮುರಿದಿಟ್ಟು ಹಂಗೇ ಎದ್ದು ಹೋಗ್ತಾನ, ಮೊನ್ನೆ ತನ್ನ ಹೊಸ ಟವೆಲ್ ನನ್ನ ಮಗನಿಗಿರಲಿ ಅಂತ ಕೊಟ್ಟ" ಎಂದರು. ನಾನು ದಿನಾ ಹಾಜರಿ ತೆಗೆಯುತ್ತಿದ್ದೆ, ನನಗೆ ಕಂಡಿರಲಿಲ್ಲ. ಇಷ್ಟದ ವಸ್ತುಗಳನ್ನು ಹಂಚುವುದು ಒಂದು ಗಂಭೀರ ಮುನ್ಸೂಚನೆ ಎಂದು ನನಗೆ ಗೊತ್ತಾದದ್ದೂ ಆಮೇಲೆಯೇ. ಆ ಹುಡುಗ ಈಗ ಕೆಲಸದಲ್ಲಿದ್ದಾನೆ, ದೀಪಾವಳಿಗೆ ಫೋನ್ ಮಾಡುತ್ತಾನೆ. ತರಬೇತಿ ಕೊಡುವವರು ಅಧ್ಯಾಪಕರಿಗೆ ಮಾತ್ರ ಕೊಡದೆ ಅಡುಗೆಯವರು, ಕಾವಲುಗಾರರು, ಗ್ರಂಥಾಲಯದ ಸಹಾಯಕರು ಎಲ್ಲರನ್ನೂ ಕೂರಿಸಬೇಕು ಎಂಬುದು ನನ್ನ ಬೇಡಿಕೆ.

ಉತ್ತರ 4: ಮನೋವೈದ್ಯ, ಜಿಲ್ಲಾ ಆಸ್ಪತ್ರೆ

ವಾರ್ಡನ್ ಅವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇಷ್ಟು ಮಕ್ಕಳ ಸಾವನ್ನು ಕೇವಲ ಒಂದೊಂದು ಮನಸ್ಸಿನ ದೌರ್ಬಲ್ಯವೆಂದು ವಿವರಿಸಲು ಬರುವುದಿಲ್ಲ. ಆದರೆ ಒಂದು ತಿದ್ದುಪಡಿ: ಸಾಮಾಜಿಕ ಕಾರಣ ಇದೆ ಎಂದ ಮಾತ್ರಕ್ಕೆ ಚಿಕಿತ್ಸೆ ಅನಗತ್ಯವಾಗುವುದಿಲ್ಲ. ಮಳೆ ಸೋರುವ ಮನೆಯಲ್ಲಿದ್ದು ನ್ಯುಮೋನಿಯಾ ಬಂದವನಿಗೆ ಸೂರನ್ನೂ ಸರಿಮಾಡಬೇಕು, ಔಷಧವನ್ನೂ ಕೊಡಬೇಕು.

ಮನೆಯವರಿಗೆ ತಿಳಿಸುವ ಪ್ರಶ್ನೆಗೆ ಬರುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ; ಪ್ರಾಣಕ್ಕೆ ಅಪಾಯವಿದ್ದಾಗ ಅದನ್ನು ತಡೆಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೇಳಲು ಅವಕಾಶ ಕೊಡುತ್ತದೆ. ಈ ಅಳತೆಯನ್ನು ಅಧ್ಯಾಪಕರೂ ಪಾಲಿಸುವುದು ಒಳ್ಳೆಯದು. "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಡಬೇಡಿ. "ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳ್ತೀನಿ, ಅದನ್ನೂ ನಿನಗೆ ತಿಳಿಸಿಯೇ ಹೇಳ್ತೀನಿ" ಎನ್ನಿ. ಯಾರಿಗೆ ಹೇಳಬೇಕೆಂದು ಅವನನ್ನೇ ಕೇಳಿ. ತಂದೆಗಿಂತ ಚಿಕ್ಕಪ್ಪನೋ ಅಕ್ಕನೋ ಹತ್ತಿರವಿರಬಹುದು. ಸಾಲ ಮಾಡಿ ಓದಿಸುತ್ತಿರುವ ತಂದೆಗೆ ಕಾಲೇಜಿನಿಂದ ಇದ್ದಕ್ಕಿದ್ದಂತೆ ಕರೆ ಹೋಗಿ, ಪ್ರಾಂಶುಪಾಲರ ಎದುರು ಕೈಕಟ್ಟಿ ನಿಲ್ಲಬೇಕಾಗಿ ಬಂದರೆ, "ನಾನೇ ಅಪ್ಪನಿಗೆ ಹೊರೆ" ಎಂಬ ಅವನ ನಂಬಿಕೆಗೆ ಅದೇ ಸಾಕ್ಷಿಯಾಗಿ ಬಿಡುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಕೆಲವು ಸಂಸ್ಥೆಗಳು ಆಸ್ಪತ್ರೆಗೆ ಕರೆತರುವುದನ್ನೇ ತಡಮಾಡುತ್ತವೆ. ಅದೇ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ, ಅವರಿಗೆ ಆರೈಕೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಯೋಚನೆಯನ್ನು ಹೇಳಿಕೊಳ್ಳುವುದಂತೂ ಎಂದೂ ಅಪರಾಧವಾಗಿರಲಿಲ್ಲ.

ಕಾಲೇಜಿನ ಹೊಣೆಯ ಬಗ್ಗೆ: ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲ್ ಮತ್ತು ತರಗತಿಗಳಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು ಎಂಬುದು ಅದರಲ್ಲಿದೆ. ವಾರ್ಡನ್ ಅವರ ಬೇಡಿಕೆಗೆ ಇದೇ ಆಧಾರ. ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ, ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನೂ ನ್ಯಾಯಾಲಯ ರಚಿಸಿತು. ಇವನ್ನು ಉಲ್ಲೇಖಿಸಿ ನಿಮ್ಮ ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ, ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ.

ವಿದ್ಯಾರ್ಥಿಯನ್ನು ಬಲವಂತವಾಗಿ ಕಳುಹಿಸಬಹುದೇ ಎಂದು ಅಧ್ಯಾಪಕರು ನನ್ನನ್ನು ಆಗಾಗ ಕೇಳುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1984ರಿಂದ, ಆತ್ಮಹತ್ಯೆಯ ಬೆದರಿಕೆ ಹಾಕಿದ ಅಥವಾ ಪ್ರಯತ್ನಿಸಿದ ವಿದ್ಯಾರ್ಥಿ ನಾಲ್ಕು ಭೇಟಿಗಳಿಗೆ ಬರಲೇಬೇಕೆಂಬ ನಿಯಮ ಮಾಡಿದರು. ನಂತರದ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿದುದನ್ನು ವರದಿ ಮಾಡಿದ್ದಾರೆ. ಆದರೂ ಅದನ್ನು ಇಲ್ಲಿ ಹಾಗೆಯೇ ತರಲು ನನಗೆ ಹಿಂಜರಿಕೆಯಿದೆ. ವಾರಕ್ಕೆ ಎರಡು ದಿನ ಬರುವ ಒಬ್ಬ ಆಪ್ತಸಮಾಲೋಚಕರನ್ನು ಇಟ್ಟುಕೊಂಡು ಕಡ್ಡಾಯ ಮಾಡಿದರೆ ಉಳಿಯುವುದು ಇನ್ನೊಂದು ರಿಜಿಸ್ಟರ್ ಮಾತ್ರ. ಮೊದಲು ಜನ ಬೇಕು.

ಔಷಧದ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಇಪ್ಪತ್ತೈದರ ಒಳಗಿನವರಲ್ಲಿ ಆರಂಭದ ಕೆಲವು ವಾರ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಸಂಭವವೂ ಇರುವುದರಿಂದ, ಆ ದಿನಗಳಲ್ಲಿ ಆಪ್ತಸಮಾಲೋಚಕರೂ ವೈದ್ಯರೂ ಹೆಚ್ಚು ಹತ್ತಿರವಿದ್ದು ನೋಡಿಕೊಳ್ಳಬೇಕು. ಇದನ್ನು ಕೇಳಿ ಹೆದರಿ ಮಾತ್ರೆ ನಿಲ್ಲಿಸಬಾರದು, ಬದಲಾವಣೆ ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ದುಡ್ಡಿಲ್ಲ ಎಂಬುದು ತಡೆಯಾಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಚಿಕಿತ್ಸೆ ಸಿಗುತ್ತದೆ. ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಹಳ್ಳಿಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಸಂಕೋಚ ಸ್ವಲ್ಪ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಗಣಿತ ಉಪನ್ಯಾಸಕಿ, ಮೈಸೂರು

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಧಾರವಾಡದ ಮೇಡಂ ಬರೆದದ್ದನ್ನು ಓದಿದ ಕೂಡಲೇ ಅವನಿಗೆ ಫೋನ್ ಮಾಡಿದೆ. ಸಂಜೆ ಐದಕ್ಕೆ ಕಾಲೇಜಿನ ಹಿಂದಿನ ಹೊಂಗೆ ಮರದ ಕಟ್ಟೆಯ ಮೇಲೆ ಕುಳಿತೆವು. ಮೊದಲು, ಸೋಮವಾರ ನಾನು ಹೇಳಿದ ಮಾತು ತಪ್ಪಾಯಿತು ಎಂದೆ. ಆಮೇಲೆ ಆ ಪ್ರಶ್ನೆಯನ್ನು, ಬರೆದಿದ್ದ ಪದಗಳಲ್ಲೇ ಕೇಳಿದೆ. ನನ್ನ ದನಿ ನಡುಗಿತು. ಅವನು ಬಹಳ ಹೊತ್ತು ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತಿದ್ದ. ಆಮೇಲೆ, "ದಿನಾ ಅನ್ನಿಸ್ತದರಿ. ಯಾರರ ಕೇಳ್ತಾರಂತ ಅನ್ಕೊಂಡಿರ್ಲಿಲ್ಲ" ಎಂದ.

ದಾರಿ, ದಿನ ಎಂದೇನೂ ಗೊತ್ತುಮಾಡಿಕೊಂಡಿರಲಿಲ್ಲ. ಆದರೂ ಆ ರಾತ್ರಿ ಅವನ ಜೊತೆಯಲ್ಲಿರಲು ಅವನೇ ಹೆಸರಿಸಿದ ರೂಮ್‌ಮೇಟ್‌ಗೆ, ಅವನ ಎದುರಿಗೇ ಫೋನ್ ಮಾಡಿ ಹೇಳಿದೆ. 14416ಕ್ಕೂ ಇಬ್ಬರೂ ಸೇರಿ ಕರೆ ಮಾಡಿದೆವು. ಅವನು ತನ್ನದೇ ಭಾಷೆಯಲ್ಲಿ ಅರ್ಧ ಗಂಟೆ ಮಾತನಾಡಿದ, ನಾನು ಸ್ವಲ್ಪ ದೂರ ಹೋಗಿ ನಿಂತಿದ್ದೆ. ಶುಕ್ರವಾರ ಆಪ್ತಸಮಾಲೋಚಕರ ಬಾಗಿಲವರೆಗೆ ಜೊತೆಯಲ್ಲೇ ಹೋಗಿ, ಹೊರಗಿನ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕುಳಿತೆ. ಹೊರಬಂದಾಗ ಅವನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಅಕ್ಕನಿಗೆ ತಾನೇ ಹೇಳುತ್ತೇನೆ, ಹೇಳುವಾಗ ನೀವೂ ಲೈನಿನಲ್ಲಿ ಇರಿ ಎಂದಿದ್ದಾನೆ. ಅಪ್ಪನ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಕೊಠಡಿಯನ್ನು ಗ್ರಂಥಾಲಯದ ಮೇಲ್ಮಹಡಿಗೆ ಬದಲಿಸಬೇಕು, ಆಪ್ತಸಮಾಲೋಚಕರನ್ನು ಪೂರ್ಣಾವಧಿಗೆ ನೇಮಿಸಬೇಕು, ಭೇಟಿಗೆ ಬಂದವರ ಹೆಸರು ಯಾವ ಪುಸ್ತಕದಲ್ಲೂ ಬಹಿರಂಗವಾಗಿ ಇರಬಾರದು ಎಂದು ವೈದ್ಯರು ಹೇಳಿದಂತೆ ಲಿಖಿತವಾಗಿ ಕೊಟ್ಟಿದ್ದೇನೆ. ಮೊದಲನೆಯದನ್ನು ಪ್ರಾಂಶುಪಾಲರು ಒಪ್ಪಿದ್ದಾರೆ, ಎರಡನೆಯದು ಆಡಳಿತ ಮಂಡಳಿಯ ಮುಂದೆ ಹೋಗಬೇಕಂತೆ. ಅವನ ಮುಂದಿನ ಭೇಟಿ ಮಂಗಳವಾರ ಮೂರು ಗಂಟೆಗೆ. ಆ ಹೊತ್ತಿನ ನನ್ನ ತರಗತಿಯನ್ನು ಸಹೋದ್ಯೋಗಿಯೊಬ್ಬರಿಗೆ ಬದಲಿಸಿ ಕೊಟ್ಟಿದ್ದೇನೆ.